ತಡೀರಿ ಎನ್ನುವ ಕಾಕಾ

ತಪ್ಪು ನನ್ನದೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಿಮಗೆ ಬೈಯುವುದಕ್ಕೂ ನನಗೆ ಬೈಸಿಕೊಳ್ಳುವುದಕ್ಕೂ ಅನುಕೂಲ. ಬ್ಯಾಡಗಿಯ ನಮ್ಮ ಓಣಿಯಲ್ಲಿ ನಾನು ಅನುಕರಿಸದ ಜೀವಿಯಿಲ್ಲ. ಹಾವೇರಿ ಬಸ್ಸಿನ ಕಂಡಕ್ಟರು, ಗೊಬ್ಬರದಂಗಡಿಯ ಮಾಲೀಕರು, ಹೆಣ್ಣು ನೋಡಲು ಹೋದಾಗ ಉಪ್ಪಿಟ್ಟಿನ ತಟ್ಟೆಯ ಮುಂದೆ ಋಷಿಸದೃಶ ಗಾಂಭೀರ್ಯ ತಾಳುವ ಸಾಕ್ಷಾತ್ ನಾನು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ಅವರಲ್ಲಿ ಅತಿ ಹೆಚ್ಚು ಚಪ್ಪಾಳೆ ಗಿಟ್ಟಿಸಿದವರು ಚನ್ನಬಸಪ್ಪ ಕಾಕಾ.

ಕಾಕಾ ಮೆಣಸಿನಕಾಯಿ ವ್ಯಾಪಾರಿ, ಓಣಿಗೆ ಹಿರಿಯರು. ಯಾರು ಯಾವ ಹೊಸ ಮಾತು ತಂದರೂ ಕನ್ನಡಕ ತೆಗೆದು, ಧೋತರದ ಚುಂಗಿನಿಂದ ಒರೆಸಿ, "ತಡೀರಿ ಸ್ವಲ್ಪ. ಹಳೇದು ಯಾಕ ಬಂದಿತ್ತು ಅಂತ ಮೊದ್ಲ ಕೇಳೂಣು" ಎನ್ನುತ್ತಿದ್ದರು. ಒರೆಸಿ ಮುಗಿಸುವಷ್ಟರಲ್ಲಿ ನಮ್ಮ ಕೈಯ ಚಹಾ ಆರಿರುತ್ತಿತ್ತು.

ಇದನ್ನು ಹಟವೆಂದು ತಿಳಿಯಬೇಡಿ. ಗಂಡ ತೀರಿದವರು ಆರತಿ ಹಿಡಿಯಬಾರದೆಂಬ ರೂಢಿಗೆ ಯಾರೋ ತಕರಾರು ತೆಗೆದಾಗಲೂ ಕಾಕಾ ಇದನ್ನೇ ಕೇಳಿದ್ದರು. ಅದು ಯಾಕೆ ಬಂತೆಂದು ಹೇಳಬಲ್ಲವರು ಇಡೀ ಓಣಿಯಲ್ಲಿ ಸಿಗಲಿಲ್ಲ. ಮುಂದಿನ ಸೋಮವಾರ ಅವರು ಗಂಡ ತೀರಿದ್ದ ತಮ್ಮ ಅಕ್ಕನ ಕೈಗೇ ಆರತಿ ತಟ್ಟೆ ಕೊಟ್ಟರು. ಮೊಮ್ಮಗಳು ಸ್ಕೂಟರಿನಲ್ಲಿ ಹಾವೇರಿ ಕಾಲೇಜಿಗೆ ಹೋಗುವ ಪ್ರಶ್ನೆ ಕನ್ನಡಕದ ಜೊತೆ ಹದಿನೈದು ದಿನ ಒರೆಸಿಕೊಂಡಿತು. ಕೊನೆಗೆ ಹೆಲ್ಮೆಟ್ ತಂದವರೂ ಅವರೇ. ಹಳೆಯದರಿಂದ ಇಳಿಯುವುದಾದರೆ ಬಸ್ಸಿನಿಂದ ಇಳಿಯುವಂತೆ, ನಿಂತ ಮೇಲೆ, ಸಾಮಾನು ನೋಡಿಕೊಂಡು ಇಳಿಯಬೇಕೆನ್ನುವುದು ಅವರ ಸಿದ್ಧಾಂತ. ಅದಕ್ಕೆ ಸಿದ್ಧಾಂತವೆಂದು ನಾಮಕರಣ ಮಾಡಿದವನು ನಾನು. ಕಾಕಾನಿಗೆ ಅದು ಬರೀ ಅಭ್ಯಾಸ.

ಈಗ ಅಂಥವರು ಕಡಿಮೆ. ಒಂದು ಕಡೆ ಹಳೆಯದೆಂದರೆ ಕಸವೆನ್ನುವ ನನ್ನಂಥವರು. ಇನ್ನೊಂದು ಕಡೆ ಪರಂಪರೆಯೆಂಬ ಪದವನ್ನು ಅಂಗಿಯ ಬೆನ್ನಿಗೆ ಅಚ್ಚು ಹಾಕಿಸಿಕೊಂಡು, ಅದರ ಅರ್ಥವನ್ನು ಮೊಬೈಲಿನಲ್ಲಿ ಹುಡುಕುವವರು. ಇಬ್ಬರಿಗೂ ಅವಸರ.

ನಮ್ಮ ಓಣಿಯ ಗಣಪತಿ ಚಪ್ಪರಕ್ಕೆ ಮೊದಲ ಬಿದಿರಿನ ಗಳ ನೆಡುವವರು ಗಾದಿ ಹೊಲಿಯುವ ಇಮಾಮಸಾಬರು. ಅವರ ಅಪ್ಪ, ಅಜ್ಜ ನೆಟ್ಟದ್ದೂ ಅದೇ ಜಾಗದಲ್ಲಿ. ಈ ಸಲದ ಸಭೆಯಲ್ಲಿ ಹೊಸ ಕಮಿಟಿಯ ಸೆಕ್ರೆಟರಿ ಮಂಜು, ರಾಣೇಬೆನ್ನೂರಿನಿಂದ ಕಬ್ಬಿಣದ ಪೆಂಡಾಲು ತರಿಸೋಣವೆಂದ. "ಮೊದ್ಲ ಗಳಾ ಯಾರ ಕೈಲೆ ನೆಡಸಬೇಕು ಅನ್ನೂದೂ ನೋಡಬೇಕಲ್ರಿ. ನಮ್ಮ ಸಂಪ್ರದಾಯ ನಾವ ಕಾಯಬೇಕು," ಎಂದೂ ಸೇರಿಸಿದ.

ಸಭೆ ಕಾಕಾನತ್ತ ನೋಡಿತು. ಕಾಕಾ ಎದ್ದರು, ಕನ್ನಡಕ ತೆಗೆದರು. ದುರ್ದೈವವೆಂದರೆ, ಹಿಂದಿನ ಭಾನುವಾರವಷ್ಟೇ ಒಂದು ತೊಟ್ಟಿಲ ಕಾರ್ಯದ ಪಂಕ್ತಿಯಲ್ಲಿ ನಾನು ಕಾಕಾ ಆಗಿ ಹೋಳಿಗೆಯನ್ನು ತಡೆದು, ಅದು ಯಾಕೆ ಬಂತೆಂದು ವಿಚಾರಣೆ ನಡೆಸಿ, ಉಂಡವರಿಗೆಲ್ಲ ನಕ್ಕು ನಕ್ಕು ಬಿಕ್ಕಳಿಕೆ ತರಿಸಿದ್ದೆ. ಧೋತರದ ಚುಂಗು ಗಾಜಿಗೆ ತಾಗುವ ಮೊದಲೇ ಹಿಂದಿನ ಸಾಲಿನಿಂದ ಯಾರೋ ನನ್ನ ಧಾಟಿಯಲ್ಲೇ ಕೂಗಿದರು: "ತಡೀರಿ ಸ್ವಲ್ಪ."

ಸಭೆ ನಕ್ಕಿತು. ನಾನೂ ನಕ್ಕೆ, ಕೃತಿ ಜನಪ್ರಿಯವಾದ ಕಲಾವಿದನ ಸುಖ. ಆ ಗಳವೇ ನಮ್ಮ ಓಣಿಯ ಅತಿ ಹಳೆಯ ಸಂಪ್ರದಾಯವೆಂದು ಹೇಳಲು ಎದ್ದಿದ್ದ ಮನುಷ್ಯ ಕನ್ನಡಕ ಹಾಕಿಕೊಂಡು ಕುಳಿತುಬಿಟ್ಟರು. ಪೆಂಡಾಲು ಪಾಸಾಯಿತು.

ಚೌತಿಯ ಮುನ್ನಾದಿನ ಬೆಳಿಗ್ಗೆ, ಯಾರೂ ತಿಳಿಸಿರದ ಕಾರಣ, ಇಮಾಮಸಾಬರು ಗಳ ಹೊತ್ತುಕೊಂಡೇ ಬಂದರು. ಕಬ್ಬಿಣದ ಕಂಬಗಳು ಆಗಲೇ ನಿಂತಿದ್ದವು. ಅಲ್ಲಿದ್ದವನು ನಾನೊಬ್ಬನೇ. ಅವರು ಒಂದು ಕಂಬವನ್ನು ಅಲುಗಿಸಿ ನೋಡಿ, "ಗಟ್ಟಿ ಅದಾವ ಬಿಡ್ರಿ. ಗಾಳಿಗೇನೂ ಆಗೂದಿಲ್ಲ," ಎಂದು ನನಗೇ ಸಮಾಧಾನ ಹೇಳಿ, ಗಳವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ಹೊರಟುಹೋದರು.

ಮಧ್ಯಾಹ್ನ ಕಾಕಾನ ಅಂಗಡಿಗೆ ಹೋದೆ. ಮೆಣಸಿನಕಾಯಿ ಘಾಟಿಗೆ ಕಣ್ಣಲ್ಲಿ ನೀರು ಬಂದದ್ದು ಅನುಕೂಲವೇ ಆಯಿತು, ಪಶ್ಚಾತ್ತಾಪಕ್ಕೊಂದು ಪುರಾವೆ. "ತಪ್ಪಾತು ಕಾಕಾ. ಇನ್ನ ಮ್ಯಾಲೆ ನಿಮ್ಮ ನಕಲಿ ಮಾಡೂದಿಲ್ಲ," ಎಂದೆ.

ಕಾಕಾ ಕೈಯಲ್ಲಿದ್ದ ಕಾಯಿಯ ತೊಟ್ಟು ಮುರಿದರು.

"ಯಾಕ ಬಿಡ್ತಿಯೋ? ನನ್ನ ಮಾತು ಪೂರಾ ಬಾಯಿಪಾಠ ಇರಾವ ಓಣ್ಯಾಗ ನೀ ಒಬ್ಬನ ಉಳದೀದಿ. ಮುಂದಿನ ವರ್ಷ ಮೀಟಿಂಗಿನ್ಯಾಗ ಎದ್ದ ನಿಂತು ಅದನ್ನ ಹೇಳು. ನಗಸಬ್ಯಾಡ, ಅಷ್ಟ."