ಊಟದ ಡಬ್ಬಿಯ ಕೆಳಗಿನ ತಂತಿ

ರಂಗ, ಅವತ್ತು ನಾನು ನಿನಗೆ ಸುಳ್ಳು ಹೇಳಿದೆ. ಕೈಗುಣ ಅಂದದ್ದು ಶುದ್ಧ ಸುಳ್ಳು—ನಾನು ಬಳಸಿದ್ದು ಕಾಯಿಸಿದ ತಂತಿ.

ಎಂಬತ್ತರ ದಶಕದ ಪೀಣ್ಯದಲ್ಲಿ ನನ್ನಂಥ ವೆಲ್ಡರ್ ಇನ್ನೊಬ್ಬನಿರಲಿಲ್ಲ. ಈ ಮಾತನ್ನು ಇವತ್ತೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಅಲ್ಯೂಮಿನಿಯಂ ಎಂಥವನ ಜಂಭವನ್ನೂ ಇಳಿಸುತ್ತದೆ. ಹಾಲಿನ ಟ್ಯಾಂಕುಗಳ ಆರ್ಡರ್ ಬಂದ ಆ ಮಳೆಗಾಲ ನೆನಪಿದೆಯಲ್ಲ? ಒಳಗೆ ಗಾಳಿ ತುಂಬಿ, ಬೆಸುಗೆಯ ಮೇಲೆ ಸೋಪಿನ ನೀರು ಸವರಿದರೆ ಗಾಳಿ ಸೋರಿ ಗುಳ್ಳೆ ಏಳುತ್ತಿತ್ತು—ನಿನ್ನದಕ್ಕೂ, ನನ್ನದಕ್ಕೂ. ಬೆಸೆಯಲು ಕರಗಿಸುವ ತಂತಿ ತೇವ ಹಿಡಿದಿದ್ದರೆ ಬೆಸುಗೆಯೊಳಗೆ ಸೂಜಿಮೊನೆಯಷ್ಟು ತೂತು ಬಿಡುತ್ತದೆಂದು ಆಗ ಯಾರಿಗೆ ಗೊತ್ತಿತ್ತು!

ನನಗೆ ಗೊತ್ತಾದದ್ದು ಹಸಿವಿನಿಂದ. ನಮ್ಮೆಲ್ಲರ ಊಟದ ಡಬ್ಬಿಗಳನ್ನು ಬಿಸಿಗಿಡುವ ತಗಡಿನ ಪೆಟ್ಟಿಗೆ ಇತ್ತಲ್ಲ, ಕೆಳಗೆ ಹೀಟರ್ ಇದ್ದದ್ದು—ಒಂದು ಮಧ್ಯಾಹ್ನ ಡಬ್ಬಿ ತೆಗೆಯುವ ಆತುರದಲ್ಲಿ ಕೈಯಲ್ಲಿದ್ದ ತಂತಿಯ ತುಂಡುಗಳನ್ನು ಅದರೊಳಗೇ ಮರೆತೆ. ಊಟ ಮುಗಿಸಿ ಆ ಬಿಸಿ ತುಂಡುಗಳಿಂದಲೇ ಬೆಸೆದೆ. ಒಂದು ಗುಳ್ಳೆಯೂ ಇಲ್ಲ! ಮರುದಿನದಿಂದ ಬೇಕೆಂದೇ ಇಟ್ಟೆ—ನನ್ನ ಡಬ್ಬಿಯ ಕೆಳಗೆ, ಬಟ್ಟೆಯಲ್ಲಿ ಸುತ್ತಿ, ಯಾರಿಗೂ ಕಾಣದಂತೆ.

ನೀನು ಬಂದು ಕೇಳಿದೆ. "ಅದೇ ಮಿಷನ್ನು, ಅದೇ ತಂತಿ. ನಿಂಗೆ ಮಾತ್ರ ಹೆಂಗೋ ಸರಿಯಾಗಿ ಕೂರುತ್ತೆ ಮಗಾ? ಏನ್ ಮಾಡ್ತೀಯ, ಹೇಳೋ."

ಹೇಳಬಹುದಿತ್ತು. ಆದರೆ ಹೆಡ್ ವೆಲ್ಡರ್ ಜಾಗ ಖಾಲಿಯಿತ್ತು, ಅದಕ್ಕೆ ಇದ್ದವರು ನಾವಿಬ್ಬರೇ—

"ಏನೂ ಇಲ್ಲ ಗುರು, ಕೈಗುಣ ಅಷ್ಟೇ. ಕೆಲವ್ರಿಗೆ ಬರುತ್ತೆ, ಕೆಲವ್ರಿಗೆ ಬರಲ್ಲ" ಅಂದುಬಿಟ್ಟೆ.

ನೀನು ನಿನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡೆ. ನಂಬಿಬಿಟ್ಟೆ, ರಂಗ! ಜಗಳ ಆಡಿದ್ದರೂ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಜಾಗ ನನಗೆ ಸಿಕ್ಕಿತು. ನೀನಾಗಿಯೇ ಕೇಳಿಕೊಂಡು ಪೇಂಟಿಂಗ್ ಕಡೆಗೆ ಹೋದೆ, ಮತ್ತೆಂದೂ ವೆಲ್ಡಿಂಗ್ ಮುಟ್ಟಲಿಲ್ಲ.

ಮೊನ್ನೆ ನಾಗಸಂದ್ರದಲ್ಲಿ ನಿನ್ನ ಮಗಳ ಮನೆಯ ಗೃಹಪ್ರವೇಶ. ಗೇಟಿನ ಬೆಸುಗೆ ಬಿಟ್ಟಿದೆ ಎಂದು ನಿನ್ನ ಅಳಿಯ ತೋರಿಸಿದಾಗ ನೀನು ನಗುತ್ತಾ, "ನನ್ನನ್ ಕೇಳ್ಬೇಡಿ ಕಣ್ರೀ, ನನ್ ಕೈಗೆ ವೆಲ್ಡಿಂಗ್ ಒಲೀಲೇ ಇಲ್ಲ. ಇವ್ನನ್ ಕೇಳಿ, ಇವ್ನು ರಾಜ" ಅಂದೆ. ಎಲ್ಲರೂ ನನ್ನ ಕಡೆ ನೋಡಿದರು. ನಾನು ತಲೆ ಬಗ್ಗಿಸಿ ಒಬ್ಬಟ್ಟು ತಿನ್ನುತ್ತಾ ಕೂತೆ. ಥೂ, ನನ್ನ ಜನ್ಮಕ್ಕಿಷ್ಟು!

ಈ ಭಾನುವಾರ ಬರುತ್ತೇನೆ. ಆ ಗೇಟಿನ ಮುಂದೆಯೇ ನಿಂತು, ನಿನ್ನ ಮಗಳಿಗೂ ಅಳಿಯನಿಗೂ ಕೇಳಿಸುವಂತೆ ಹೇಳುತ್ತೇನೆ. ಆಮೇಲೆ ನೀನು ಬೈಯಿ, ಹೊಡಿ, ಮುಖಕ್ಕೆ ಬಾಗಿಲು ಹಾಕು. ನಿನ್ನ ಕೈಯಲ್ಲಿ ಯಾವ ದೋಷವೂ ಇರಲಿಲ್ಲ ರಂಗ. ತಂತಿ ತಣ್ಣಗಿತ್ತು, ಅಷ್ಟೇ.