ಆಯಿ ಮೀಸಲಿಟ್ಟ ಹೂವು

ಸೂರ್ಯಕಾಂತಿಗೆ ವಾಸನೆಯೇ ಇಲ್ಲ ಎನ್ನುವವರು ಅದರ ಎಲೆಯನ್ನು ಒಮ್ಮೆಯೂ ಅಂಗೈಯಲ್ಲಿ ಹೊಸಕಿ ನೋಡಿದವರಲ್ಲ. ಕಳೆದ ತಿಂಗಳು ಆಫೀಸಿನಲ್ಲಿ ಯಾರದೋ ಬೀಳ್ಕೊಡುಗೆಗೆ ತಂದಿದ್ದ ಹೂಗುಚ್ಛವನ್ನು ಎತ್ತಿಡುವಾಗ ಒಂದು ಕಾಂಡ ಮುರಿದು ನನ್ನ ಬೆರಳಿಗೆ ಅಂಟು ಹತ್ತಿತು. ಹಸಿ ಕುಸುಬೆಯನ್ನು ಬೇವಿನ ಗೋಂದಿನ ಜೊತೆ ಅರೆದಂಥ ಆ ಕಟು ವಾಸನೆ ಮೂಗಿಗೆ ಬಡಿದದ್ದೇ ತಡ, ನಾಶಿಕದ ಆ ತಣ್ಣನೆಯ ಕೋಣೆಯಲ್ಲಿ ನಿಂತಿದ್ದ ನಾನು ಬಿಡಕಿನ್ನಿನ ನಮ್ಮ ಹಿತ್ತಲಿಗೆ ಹೋಗಿಬಿಟ್ಟೆ. ಮೈತುಂಬ ಎಲೆಯ ಚುಚ್ಚುವ ಸುಂಕು, ಮೊಣಕೈಗೆ ತರಚು, ತಲೆಯ ಮೇಲೆ ಹಳದಿ ಪುಡಿ. ಅಂಥದೊಂದು ಹಿತ್ತಲು ನಿಮಗೂ ಇದ್ದು, ಅದು ಈಗ ಇಲ್ಲದೆ ಹೋಗಿದ್ದರೆ, ನಾನು ಕೈ ತೊಳೆಯದೆ ಯಾಕೆ ಕೂತೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಅಪ್ಪ ಬೀದರ್ ಕಡೆಯ ಹಳ್ಳಿಯಿಂದ ಕಿರಾಣಿ ವ್ಯಾಪಾರಕ್ಕೆಂದು ಬಂದವರು. ಸಂಭಾಜಿನಗರದಿಂದ ಪೈಠಣದ ಕಡೆಗೆ ಹೋಗುವ ರಸ್ತೆಯಲ್ಲಿ, ಬಿಡಕಿನ್ ಪೇಟೆಯಲ್ಲಿ ನಮ್ಮ ಅಂಗಡಿ. ಮನೆ ಊರಂಚಿನಲ್ಲಿ, ಬಾಡಿಗೆಯದು, ತಗಡಿನ ಮಾಡಿನದು. ಅದರ ಹಿಂದೆ ಎರೆಮಣ್ಣಿನ ಒಂದು ತುಂಡು ನೆಲ. ಅಜ್ಜ ತೀರಿಕೊಂಡ ಮೇಲೆ ಅಪ್ಪನ ತಾಯಿ ನಮ್ಮ ಜೊತೆ ಇರಲು ಬಂದಳು. ಅವಳನ್ನು ನಾವು ಆಯಿ ಎನ್ನುತ್ತಿದ್ದೆವು. ಮರಾಠಿಯಲ್ಲಿ ಆಯಿ ಎಂದರೆ ತಾಯಿಯಾದ್ದರಿಂದ ಪಕ್ಕದ ಮನೆಯ ಮಂದಾಕಾಕು ನನ್ನನ್ನು ಎರಡು ತಾಯಿಯ ಮಗಳು ಎಂದು ರೇಗಿಸುತ್ತಿದ್ದರು. ಆಯಿ ಊರಿಂದ ತಂದದ್ದು ಎರಡು ಸೀರೆ, ಕೊರಳಿನ ಲಿಂಗ, ಮತ್ತು ಸೆರಗಿನ ಗಂಟಿನಲ್ಲಿ ಸೂರ್ಯಕಾಂತಿ ಬೀಜ. ಅವಳ ಬಾಯಲ್ಲಿ ಅದು ಸೂರ್ಯಪಾನ. ಹೊಲದಲ್ಲಿ ಎಣ್ಣೆಗೆಂದು ಬೆಳೆಯುವ ಗಿಡ್ಡ ಜಾತಿಯಲ್ಲ ಅದು. ಜೂನಿನಲ್ಲಿ ಮಿರಗದ ಮಳೆ ಬಿದ್ದ ಮೇಲೆ ಊರಿದರೆ ಗಣೇಶ ಚೌತಿಯ ಹೊತ್ತಿಗೆ ತಗಡಿನ ಮಾಡನ್ನು ದಾಟಿ ನಿಲ್ಲುತ್ತಿತ್ತು. ಹೂವು ಮೊರದಷ್ಟು ಅಗಲ. ಗಾಳಿಗೆ ಬಾಗದಂತೆ ಒಂದೊಂದಕ್ಕೂ ಊರುಗೋಲು ಕಟ್ಟಿ, ಬೈಯುತ್ತ ನೀರು ಹಾಕುತ್ತಿದ್ದಳು. "ಏ ಭಾಡ್ಯಾ, ನೆಟ್ಟಗ ನಿಂದ್ರು. ಕುಡ್ದಾವನಂಗ ಯಾಕ ವಾಲ್ತಿ?" ಆಚೆಮನೆಯವರು ಮೊದಮೊದಲು ಅವಳು ಅಪ್ಪನನ್ನು ಬೈಯುತ್ತಿದ್ದಾಳೆ ಎಂದೇ ತಿಳಿದಿದ್ದರು.

ಅವಳಿಗೊಂದು ಪದ್ಧತಿಯಿತ್ತು. ಆ ವರ್ಷದ ಎಲ್ಲಕ್ಕಿಂತ ದೊಡ್ಡ ಹೂವಿನ ಕುತ್ತಿಗೆಗೆ ಕೆಂಪು ದಾರ ಕಟ್ಟಿ ಮೀಸಲು ಎಂದು ಸಾರಿಬಿಡುವಳು. ಅದು ದೇವರದು, ಮುಂದಿನ ವರ್ಷದ್ದು. ಎಸಳು ಒಣಗಿ ಉದುರಿದ ಮೇಲೆ ಗಿಳಿ ಕುಕ್ಕಬಾರದೆಂದು ಅದಕ್ಕೊಂದು ಬಟ್ಟೆ ಕಟ್ಟುವಳು. ಕಾಳು ಬಲಿತಾಗ ಬಿಡಿಸಿ, ದೇವರ ಜಗಲಿಯ ಮೇಲಿಟ್ಟು ಪೂಜೆ ಮಾಡಿ, ಬೂದಿ ಬೆರೆಸಿ ಸೋರೆ ಬುರುಡೆಯಲ್ಲಿ ತುಂಬಿಡುವಳು. ಮೀಸಲು ಕಾಳನ್ನು ಯಾರೂ ಹಲ್ಲಿಗೆ ಹಚ್ಚುವಂತಿರಲಿಲ್ಲ. ಉಳಿದ ಹೂವಿನ ಕಾಳೆಲ್ಲ ನಮ್ಮದು. ಉಪ್ಪುನೀರು ಚಿಮುಕಿಸಿ ಹುರಿದದ್ದನ್ನು ತಿಂದು ತಿಂದು ತುಟಿ ಉರಿಯುತ್ತಿತ್ತು, ಸಿಪ್ಪೆ ಗುಡಿಸಿ ಗುಡಿಸಿ ಅವ್ವನ ಸೊಂಟ ಬಿದ್ದುಹೋಗುತ್ತಿತ್ತು.

ನಾನು ಆರನೇ ಇಯತ್ತೆಯಲ್ಲಿದ್ದಾಗ ಆ ಕಡೆಯ ನೆಲವೆಲ್ಲ ಕಾರ್ಖಾನೆಗಳಿಗೆ ಹೋಗುತ್ತದೆಂದು ಮೊದಲು ಸುದ್ದಿಯಾಯಿತು, ಆಮೇಲೆ ನಿಜವಾಯಿತು. ದೀಪಾವಳಿಯೊಳಗೆ ಮನೆ ಬಿಡಬೇಕೆಂದು ಮಾಲಕರು ಬಂದು, ಚಹಾ ಕುಡಿದು, ಕಣ್ಣೊರೆಸಿಕೊಂಡು ಹೇಳಿಹೋದರು. ನಾಶಿಕದಲ್ಲಿ ನಮ್ಮ ಕಾಕಾನ ಅಂಗಡಿಯಿತ್ತು, ಅಲ್ಲಿಗೇ ಹೋಗುವುದೆಂದು ಅಪ್ಪ ನಿಶ್ಚಯಿಸಿದರು. ಆಯಿ ಅಳಲಿಲ್ಲ, ಜಗಳ ತೆಗೆಯಲಿಲ್ಲ. "ಬೀಜ ಕೈಯಾಗ ಇದ್ರ ಎಲ್ಲಿ ಬೇಕಾದ್ರೂ ಮನಿ ಆಗ್ತದ" ಎಂದಳು ಅಷ್ಟೆ. ಆ ಬೀಜವೊಂದನ್ನೇ ನೆಚ್ಚಿ ಅವಳು ಇನ್ನೊಂದು ಊರಿಗೆ ಬರಲು ಒಪ್ಪಿದ್ದು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಆ ವರ್ಷ ಅವಳಿಗೆ ಭಯ ಹೊಕ್ಕಿತು. ಎಸಳು ಒಣಗುವ ತನಕ ಕಾಯುವ ಧೈರ್ಯವಾಗಲಿಲ್ಲ. ಎಲ್ಲಕ್ಕಿಂತ ದೊಡ್ಡ ಮೊಗ್ಗು ಇನ್ನೂ ಬಾಯಿ ಬಿಡುವ ಮುಂಚೆಯೇ ಅಜ್ಜನ ಬಿಳಿ ಧೋತ್ರ ಹರಿದು, ಅಪ್ಪನನ್ನು ಸ್ಟೂಲಿನ ಮೇಲೆ ಹತ್ತಿಸಿ, ಬಟ್ಟೆ ಕಟ್ಟಿಸಿದಳು. ಬೇಲಿಯಾಚೆಯಿಂದ ಮಂದಾಕಾಕು "ಆಜಿ, ಫುಲಾಲಾ ಕಶಾಲಾ ಬಾಂಧಲಂ?" ಎಂದು ನಕ್ಕರು. ಹೂವಿಗೆ ಯಾಕೆ ಕಟ್ಟಿದಿರಿ ಎಂದು ಕೇಳಿದ್ದು ಅವರು. ಆಯಿ ಕನ್ನಡದಲ್ಲೇ ಉತ್ತರ ಕೊಟ್ಟಳು. "ಮೀಸಲ್ ಅದ ರೀ ಅದು. ಈ ಸಲ ಗಿಳಿ ಅಲ್ಲ, ನೊಣಾನೂ ಬಾಯಿ ಇಡಬಾರ್ದು." ಮಂದಾಕಾಕುಗೆ ಎಷ್ಟು ತಿಳಿಯಿತೋ, "ಬರಂ ಬರಂ" ಎಂದು ಒಳಗೆ ಹೋದರು. ಒಳಗೆ ಹೂವು ಅರಳಿ ಬಟ್ಟೆ ಉಬ್ಬಿಕೊಂಡಿತು. ಜೇನುಹುಳಗಳು ಬಂದು ಅದರ ಮೇಲೆ ಕೂತು, ಅತ್ತಿಂದಿತ್ತ ಹರಿದಾಡಿ, ದಾರಿ ಸಿಗದೆ ಪಕ್ಕದ ಹೂವಿಗೆ ಹೋಗುತ್ತಿದ್ದವು. ನೋಡಲು ಬಹಳ ಚೆಂದವಿತ್ತು. ಕೆಳಗೆ ಗೋಣಿಚೀಲ ಹಾಸಿಕೊಂಡು ಆಯಿ ಕಾವಲು ಕೂತಿರುತ್ತಿದ್ದಳು.

ಹೊರಡುವ ಮುಂಚೆ ಉಳಿದ ಹೂವನ್ನೆಲ್ಲ ಕೊಯ್ದು, ದೊಡ್ಡ ಕಡಾಯಿಯಲ್ಲಿ ಕಾಳು ಹುರಿದು, ಓಣಿಗೆಲ್ಲ ಹಂಚಿದೆವು. ಬೇಡ ಬೇಡ ಎನ್ನುವಷ್ಟು ತಿಂದೆವು. ಮೀಸಲು ಕಾಳು ಮಾತ್ರ ಬುರುಡೆಯಲ್ಲಿ ಕೂತು, ಆಯಿಯ ತೊಡೆಯ ಮೇಲೆ, ವೈಜಾಪುರದ ಮೇಲೆ ಹಾದು ನಾಶಿಕಕ್ಕೆ ಬಂತು. ದಾರಿಯುದ್ದಕ್ಕೂ ಅವಳು ಅದನ್ನು ಕೆಳಗಿಡಲಿಲ್ಲ.

ನಾಶಿಕದಲ್ಲಿ ನಮ್ಮದು ಮೂರನೇ ಮಹಡಿ. ಬಿಲ್ಡಿಂಗಿನ ಹಿಂದೆ, ಗೋಡೆಯ ಪಕ್ಕ ಮಣ್ಣಿನ ಒಂದು ಪಟ್ಟಿಯಿತ್ತು. ಮಿರಗ ಕೂಡಿದ ಮೇಲೆ ಆಯಿ ಅಲ್ಲಿ ಕಲ್ಲು ಆಯ್ದು, ಗೊಬ್ಬರ ಬೆರೆಸಿ, ವಿಭೂತಿ ಹಚ್ಚಿಕೊಂಡ ಕೈಯಿಂದ ಬೀಜ ಊರಿದಳು. ದಿನಾ ಬೆಳಿಗ್ಗೆ ಗೋಡೆ ಹಿಡಿದು ಮೆಟ್ಟಿಲಿಳಿದು, ಬಗ್ಗಿ ನೋಡಿ, ಮತ್ತೆ ಹತ್ತಿ ಬರುವಳು. ಏನೂ ಮೇಲೇಳಲಿಲ್ಲ. ಮತ್ತೊಮ್ಮೆ ಊರಿದಳು. ಮಳೆ ಬಂತು, ಹುಲ್ಲು ಬಂತು, ಯಾರೋ ಉಗಿದ ಪಪ್ಪಾಯಿ ಬೀಜ ಕೂಡ ಸಸಿಯಾಯಿತು. ಒಂದು ಮಧ್ಯಾಹ್ನ ಆಯಿ ಮಲಗಿದ್ದಾಗ ಅವ್ವ ಬುರುಡೆಯ ತಳದಲ್ಲಿ ಉಳಿದಿದ್ದ ಕಾಳು ತೆಗೆದು ಹಲ್ಲಿಗೆ ಹಚ್ಚಿದಳು. ಒಂದು ಒಡೆದಳು, ಇನ್ನೊಂದು ಒಡೆದಳು. ಎಲ್ಲ ಪೊಳ್ಳು. ಅವ್ವನ ತವರಲ್ಲಿ ಸೂರ್ಯಕಾಂತಿ ಬೆಳೆಯುತ್ತಿದ್ದರು, ಅವಳಿಗೆ ತಿಳಿದುಹೋಯಿತು.

"ಜೇನು ಕೂಡ್ರದ ಹೂವಿನ್ಯಾಗ ಕಾಳು ಎಲ್ಲಿಂದ ಬರ್ಬೇಕು ರೀ?" ಎಂದು ಅಡುಗೆಮನೆಯಲ್ಲಿ ಅಪ್ಪನಿಗೆ ಹೇಳಿದಳು. "ಮೊಗ್ಗಿದ್ದಾಗೇ ಬಟ್ಟಿ ಕಟ್ಟೀರಿ."

ಗಟ್ಟಿ ಕಾಳೆಲ್ಲ ಹುರಿದು ತಿಂದು, ಪೊಳ್ಳನ್ನು ಪೂಜೆ ಮಾಡಿ ಹೊತ್ತು ತಂದಿದ್ದೆವು. ಅಪ್ಪ ಸಿಪ್ಪೆಗಳನ್ನು ಅಂಗೈಗೆ ಬಳಿದುಕೊಂಡರು. "ಅಕಿಗಿ ಹೇಳಬ್ಯಾಡ. ನನ್ನ ಕೈಯಾರೆ ಕೊಂದೆ ಅಂತ ಎದಿ ಒಡ್ಕೋತಾಳ" ಎಂದರು. ಸಂಜೆ ಆಯಿಯ ಪಕ್ಕ ಕೂತು, ತಾವೇ ಹೇಳಿದರು. "ಇಲ್ಲಿ ಮಣ್ಣೇ ಸರಿ ಇಲ್ಲ ಯವ್ವಾ."

ಪ್ರೀತಿಯಿಂದಲೇ ಹೇಳಿದ್ದು, ಒಪ್ಪುತ್ತೇನೆ. ಆದರೆ ಆಯಿ ಆ ಮಾತನ್ನು ಪೂರ್ತಿ ನಂಬಿಬಿಟ್ಟಳು. ಅಂದಿನಿಂದ ಅವಳು ಕೆಳಗಿಳಿಯಲಿಲ್ಲ. ಯಾರಾದರೂ ಅಲ್ಲಿನ ತೋಟದ ದ್ರಾಕ್ಷಿ ತಂದುಕೊಟ್ಟರೆ ತಟ್ಟೆ ಆಚೆ ಸರಿಸಿ, "ಅವರದು ಬೆಳೀತದ. ನಮ್ದು ಒಲ್ಲೆ ಅಂತು, ಬಿಡ್ರಿ" ಎನ್ನುವಳು. ಗಿಡವನ್ನು ಬೈದು ಬೆಳೆಸಿದ ಬಾಯಿ ಬೈಯಲು ಏನೂ ಸಿಗದೆ ಸುಮ್ಮನಾಯಿತು. ಆ ಸುಮ್ಮನಿರುವಿಕೆ ನನಗೆ ಇವತ್ತಿಗೂ ಸಂಕಟ.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಣ್ಣಿಗಿಡುತ್ತಾರೆ. ಹಾಸಿಗೆ ಹಿಡಿದ ಮೇಲೆ ಒಂದು ದಿನ ಆಯಿ ಎಲ್ಲರನ್ನೂ ಕರೆದಳು. "ಈ ಮಣ್ಣಾಗ ನನ್ನ ಇಡಬ್ಯಾಡ್ರಿ. ಒಂದು ಬೀಜಾನೂ ತಗೊಳ್ಳಲಿಲ್ಲ ಅದು, ನನ್ನೇನ್ ತಗೊಂಡೀತು? ಊರಿಗಿ ಒಯ್ರಿ." ಅವ್ವ ಅಪ್ಪನ ಮುಖ ನೋಡಿದಳು. ಅಪ್ಪ ಬಾಯಿ ತೆರೆದರು. ಆಗಲಾದರೂ ಹೇಳಬಾರದಿತ್ತೇ? ಎದೆ ಒಡೆದುಕೊಳ್ಳುತ್ತಿದ್ದಳೋ, ನಮ್ಮೆಲ್ಲರನ್ನೂ ಜನ್ಮ ಜಾಲಾಡಿ ನಕ್ಕುಬಿಡುತ್ತಿದ್ದಳೋ, ಯಾರಿಗೆ ಗೊತ್ತು. "ಆಯ್ತು ಯವ್ವಾ" ಎಂದರು ಅಪ್ಪ.

ನಾಶಿಕದಲ್ಲಿ ನಮ್ಮವರ ರುದ್ರಭೂಮಿ ಮನೆಯಿಂದ ನಡೆದು ಹೋಗುವಷ್ಟು ದೂರ. ಸೋಮವಾರ ಒಂದು ಹಿಡಿ ಪತ್ರಿ ಇಟ್ಟು ಬರಬಹುದಿತ್ತು. ಆದರೆ ಅವಳು ತೀರಿಕೊಂಡಾಗ ಅವಳನ್ನು ಮುಂಜಾನೆ ಗಾಡಿಯಲ್ಲಿ ಕೂಡಿಸಿಕೊಂಡು ಹೊತ್ತು ಮುಳುಗುವ ಮುಂಚೆ ಬೀದರ್ ಕಡೆಯ ಆ ಹಳ್ಳಿಗೆ ಮುಟ್ಟಿಸಿದೆವು. ಅಲ್ಲಿ ನಮ್ಮದೆನ್ನುವ ಹೊಲ ಉಳಿದಿರಲಿಲ್ಲ; ದೂರದ ಸಂಬಂಧಿಕರು ತಮ್ಮ ಬದುವಿನ ಪಕ್ಕ ಜಾಗ ಕೊಟ್ಟರು. ಈಗ ಅಲ್ಲಿಗೆ ಹೋಗುವವರು ಯಾರೂ ಇಲ್ಲ. ಕುಣಿಯಲ್ಲಿ ಕೂಡಿಸಿ, ಎಡಗೈಯಲ್ಲಿ ಲಿಂಗ ಇಟ್ಟು, ವಿಭೂತಿ, ಪತ್ರಿ ತುಂಬಿದರು. ಅಪ್ಪ ಮೊದಲ ಹಿಡಿ ಮಣ್ಣು ತೆಗೆದುಕೊಂಡು ಅಂಚಿನಲ್ಲಿ ಬಗ್ಗಿದರು, ನಾನು ಅವರ ಪಕ್ಕದಲ್ಲೇ ಇದ್ದೆ.

"ನಾಶಿಕದ ಮಣ್ಣಿಂದೇನೂ ತಪ್ಪಿರ್ಲಿಲ್ಲ ಯವ್ವಾ" ಎಂದರು, ಮೆಲ್ಲಗೆ, ಅವಳಿಗಷ್ಟೇ ಕೇಳುವಂತೆ. "ಬಟ್ಟಿ ಕಟ್ಟಬಾರದಿತ್ತು ನಾವು."

"ಹೊತ್ತಾಯ್ತು, ಹಾಕ್ರಿ" ಎಂದರು ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು. ಅಪ್ಪ ಮುಷ್ಟಿ ಬಿಚ್ಚಿದರು.