ಪ್ರಸ್ಥಾನದ ಗಂಟು ಮತ್ತು ಶಾಂತಪ್ಪನ ಕಾರು

ಕೊಡಗು ತಾನೇ ಒಂದು ಚಿಕ್ಕ ರಾಜ್ಯವಾಗಿದ್ದ ಆ ಕೆಲವು ವರ್ಷಗಳಲ್ಲಿ ಸೋಮವಾರಪೇಟೆಯಲ್ಲಿ ಬಾಡಿಗೆಗೆ ದೊರೆಯುತ್ತಿದ್ದ ಕಾರುಗಳು ಮೂರೇ. ಅವುಗಳಲ್ಲಿ ಎರಡು ಮಳೆಗಾಲ ಹಿಡಿದರೆ ಶೆಡ್ಡಿನಿಂದ ಹೊರಗೆ ಬರುತ್ತಿರಲಿಲ್ಲ. ಮೂರನೆಯದು ಶಾಂತಪ್ಪನದು.

ಶಾಂತಪ್ಪನು ಹದಿನಾರು ವರ್ಷ ಎಸ್ಟೇಟೊಂದರಲ್ಲಿ ದೊರೆಯ ಕಾರು ನಡೆಸಿದವನು. ದೊರೆ ಸ್ವದೇಶಕ್ಕೆ ಹಿಂದಿರುಗುವಾಗ ಆ ಕಪ್ಪು ಕಾರನ್ನು ಇವನಿಗೇ ಬಿಟ್ಟುಕೊಟ್ಟಿದ್ದ. ದಿನವೂ ಬೆಳಗಿನ ಜಾವದಲ್ಲಿ ಮಿಂದು, ಇಷ್ಟಲಿಂಗವನ್ನು ಎಡಗೈಯಲ್ಲಿರಿಸಿಕೊಂಡು ಪೂಜಿಸಿ, ಉಳಿದ ವಿಭೂತಿಯನ್ನು ಕಾರಿನ ಮುಂಭಾಗಕ್ಕೆ ಮೂರು ಬೆರಳಲ್ಲಿ ಎಳೆಯುತ್ತಿದ್ದ. ಪೂಜೆ ಮುಗಿಯದೆ ನೀರನ್ನೂ ಕುಡಿಯುತ್ತಿರಲಿಲ್ಲ, ಕಾರಿನ ಕೀಲಿಯನ್ನೂ ಮುಟ್ಟುತ್ತಿರಲಿಲ್ಲ. ಒಮ್ಮೆ ಹೊರಟನೆಂದರೆ ಹೊಳೆ ಬಂದರೂ ಮರ ಬಿದ್ದರೂ ಬೇರೊಂದು ದಾರಿ ಹುಡುಕುವನೇ ಹೊರತು ಕಾರನ್ನು ಹಿಂದಕ್ಕೆ ತಿರುಗಿಸಿದವನಲ್ಲ. ಶಾಂತಪ್ಪನ ಕಾರಿಗೆ ರಿವರ್ಸ್ ಗೇರೇ ಇಲ್ಲವೆಂದು ಪೇಟೆಯ ಅಂಗಡಿಸಾಲಿನಲ್ಲಿ ನಗೆಯಾಡುತ್ತಿದ್ದರು. ಆ ಮಾತು ಅವನಿಗೆ ಒಳಗೊಳಗೇ ಹಿತವಾಗಿತ್ತು.

ಸಾವಿರದ ಒಂಬೈನೂರ ಐವತ್ತಮೂರರ ಜುಲೈ ತಿಂಗಳ ಒಂದು ಶನಿವಾರ, ಹಳೆಯ ಬೀದಿಯ ರುದ್ರಮ್ಮ ಕೊಡೆ ಹಿಡಿದು ಅವನ ಶೆಡ್ಡಿಗೆ ಬಂದಳು. ಆಕೆಯ ಮಗ ಇಲ್ಲಿನ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದವನು ನಾಲ್ಕು ವರ್ಷಗಳ ಹಿಂದೆ ಮಲಯದ ರಬ್ಬರು ತೋಟಕ್ಕೆ ಹೋಗಿದ್ದ. ಅವನ ಹೆಂಡತಿ ಸುಲೋಚನಮ್ಮನಿಗೆ ಆ ದೇಶವನ್ನು ಪ್ರವೇಶಿಸುವ ಅನುಮತಿಪತ್ರ ಈಗ ಬಂದಿತ್ತು. ಅದರ ಅವಧಿ ತಿಂಗಳ ಕೊನೆಗೆ ತೀರುತ್ತಿತ್ತು. ಆಮೇಲೆ ಮತ್ತೆ ಸಿಗುವುದೆಂಬ ಭರವಸೆಯನ್ನು ಯಾರೂ ಕೊಡಲಿಲ್ಲ. ಮಂಗಳವಾರ ಬೆಳಿಗ್ಗೆ ಮದರಾಸಿನಿಂದ ಹೊರಡುವ ಹಡಗೇ ಕೊನೆಯದು. ರೈಲಿನಲ್ಲಿ ಹೋಗುವುದೆಂದು ನಿಶ್ಚಯವಾಗಿತ್ತು. ಅಷ್ಟರಲ್ಲಿ ಮದರಾಸಿನ ಹಾದಿಯ ಜೋಲಾರಪೇಟೆಯ ಆಚೆ ಮಳೆಗೆ ಹಳಿ ಕೊಚ್ಚಿಹೋಗಿ ಗಾಡಿಗಳು ನಿಂತುಹೋದವು. ಮಡಿಕೇರಿಯ ಪರಿಚಿತರೊಬ್ಬರು ತಂತಿಯ ಮೇಲೆ ತಂತಿ ಕೊಟ್ಟು, ಸೋಮವಾರ ಮಧ್ಯಾಹ್ನ ಮೂರೂವರೆಗೆ ಬೆಂಗಳೂರಿನಿಂದ ಮದರಾಸಿಗೆ ಹಾರುವ ವಿಮಾನದಲ್ಲಿ ಒಂದು ಸೀಟು ದೊರಕಿಸಿದ್ದರು. ಆ ವಿಮಾನ ನಿಲ್ದಾಣಕ್ಕೆ ಕಾರು ಬೇಕಿತ್ತು.

ಶಾಂತಪ್ಪ ಬೆಂಗಳೂರಿಗೆ ಹೋಗಿಬಂದಿದ್ದನಾದರೂ ವಿಮಾನ ನಿಲ್ದಾಣವನ್ನು ಕಂಡವನಲ್ಲ. ಎಷ್ಟು ಗಂಟೆಗೆ ಹೊರಡಬೇಕು, ಎಲ್ಲಿ ಪೆಟ್ರೋಲು ಹಾಕಿಸಬೇಕು, ಪಟ್ಟಣದ ಯಾವ ಮಗ್ಗುಲಿಗೆ ತಿರುಗಬೇಕು ಎಂದು ಅವನು ಲೆಕ್ಕ ಹಾಕುತ್ತಿರುವಾಗ ರುದ್ರಮ್ಮ ಅಡ್ಡಬಾಯಿ ಹಾಕಿದಳು.

"ಇಮಾನ ಗಿಮಾನ ನಂಗೊತ್ತಿಲ್ಲ ಕಣಪ್ಪ. ನನ್ ಸೊಸೆ ಹಡಗು ಹತ್ಬೇಕು. ಹತ್ಸ್ತೀಯಾ?"

"ಹತ್ಸ್ತೀನಿ ಕಣವ್ವ," ಎಂದ ಶಾಂತಪ್ಪ. ಬಾಡಿಗೆಯ ಮಾತು ಆಮೇಲೆ ಬಂದಿತು.

ಆದರೆ ಸೋಮವಾರ ಮೂಡಣ ದಿಕ್ಕಿಗೆ ವಾರಶೂಲೆ, ಅಂದು ಆ ಕಡೆಗೆ ಪಯಣ ಹೊರಡಬಾರದು. ಬೆಂಗಳೂರೂ ಮದರಾಸೂ ಮೂಡಣಕ್ಕೇ ಇವೆ. ಇಂತಹ ಸಂಕಟಕ್ಕೆ ಹಿರಿಯರು ಕಂಡುಕೊಂಡ ಪರಿಹಾರವೇ ಪ್ರಸ್ಥಾನ. ಒಳ್ಳೆಯ ಗಳಿಗೆಯಲ್ಲಿ ಪಯಣಿಗರ ಬದಲಾಗಿ ಅವರದೊಂದು ವಸ್ತುವನ್ನು ಅಕ್ಕಿ, ಅಡಿಕೆ, ಅರಿಶಿನದೊಡನೆ ಗಂಟು ಕಟ್ಟಿ, ಹೋಗುವ ದಿಕ್ಕಿನಲ್ಲಿರುವ ಬೇರೆಯವರ ಮನೆಯಲ್ಲಿ ಇರಿಸುತ್ತಾರೆ. ಅಲ್ಲಿಗೆ ಪಯಣ ತೊಡಗಿದಂತೆಯೇ. ಮರುದಿನ ಹೋಗುತ್ತ ಗಂಟನ್ನು ಎತ್ತಿಕೊಂಡರಾಯಿತು. ಒಮ್ಮೆ ಇಟ್ಟ ಗಂಟು ಮಾತ್ರ ಮನೆಗೆ ಹಿಂದಿರುಗಬಾರದು. ಭಾನುವಾರ ಬೆಳಿಗ್ಗೆ ರುದ್ರಮ್ಮ ತನ್ನ ಕೈಯಿಂದಲೇ ಗಂಟು ಕಟ್ಟಿ, ಪೇಟೆಯಿಂದ ಒಂದು ಮೈಲಿ ದೂರ ಕುಶಾಲನಗರದ ರಸ್ತೆಯ ಮೇಲಿದ್ದ ಚನ್ನಮಲ್ಲಪ್ಪನ ಮನೆಯ ದೇವರ ಗೂಡಿನಲ್ಲಿ ಇರಿಸಿಬಂದಳು. ಗಂಟನ್ನು ಮರೆಯಬೇಡಿರೆಂದು ಆ ರಾತ್ರಿ ಎರಡು ಸಲ ಹೇಳಿದಳು. ಒಳಗೆ ಏನಿಟ್ಟಿದ್ದಾಳೆಂದು ಹೇಳಲಿಲ್ಲ. ಎಂಟನೆಯ ತರಗತಿ ಓದಿದ ಸೊಸೆ ನಕ್ಕಾಳೆಂಬ ಅಂಜಿಕೆ ಆಕೆಗೆ.

ಸೋಮವಾರ ಬೆಳಗಿನ ಐದು ಗಂಟೆಗೆ ಕಾರು ಹೊರಟಿತು. ಹಿಂದಿನ ಸೀಟಿನಲ್ಲಿ ಸುಲೋಚನಮ್ಮ. ಮುಂದೆ, ಮಗಳನ್ನು ವಿಮಾನ ಹತ್ತಿಸಿಬರಲು ಬಂದಿದ್ದ ಅವಳ ತಂದೆ ಜವರಪ್ಪ. ಚನ್ನಮಲ್ಲಪ್ಪನ ಮನೆಗೆ ಇನ್ನು ಎರಡು ಫರ್ಲಾಂಗು ಇರುವಾಗ, ದೊಡ್ಡದೊಂದು ಸಿಲ್ವರ್ ಮರ ರಸ್ತೆಗಡ್ಡಲಾಗಿ ಬಿದ್ದಿರುವುದು ದೀಪದ ಬೆಳಕಿಗೆ ಕಾಣಿಸಿತು. ಎಡಗಡೆಯ ಎಸ್ಟೇಟಿನೊಳಗಿಂದ ಹೋಗುವ ಮಣ್ಣುದಾರಿ ಶಾಂತಪ್ಪನಿಗೆ ಪರಿಚಿತವಾಗಿತ್ತು. ಆದರೆ ಅದು ಚನ್ನಮಲ್ಲಪ್ಪನ ಮನೆಯನ್ನು ದಾಟಿ ಎರಡು ಮೈಲಿಯಾಚೆ ಹೆದ್ದಾರಿಯನ್ನು ಸೇರುತ್ತಿತ್ತು. ನಡೆದುಹೋಗಿ ಗಂಟನ್ನು ತರಲೇ ಎಂದು ಸುಲೋಚನಮ್ಮ ಕೇಳಿದಳು.

"ಸುಮ್ನೆ ಕೂತ್ಕೊ ಮಗ," ಎಂದ ಜವರಪ್ಪ. "ಒಂದಿಡಿ ಅಕ್ಕಿ, ಎರಡು ಅಡಿಕೆ. ಮಲಯದಲ್ಲಿ ಅಕ್ಕಿ ಸಿಕ್ಕಾಕಿಲ್ವಾ? ಚನ್ನಮಲ್ಲಪ್ಪ ಪಾಯಸ ಮಾಡ್ಕೊಂಡು ಉಣ್ಲಿ ಬಿಡು."

ಶಾಂತಪ್ಪನ ಕೈ ಗೇರಿನ ಮೇಲೆ ತಡೆಯಿತು. ಇಟ್ಟ ಪ್ರಸ್ಥಾನವನ್ನು ಬಿಟ್ಟುಹೋಗುವುದು ಸರಿಯಲ್ಲವೆಂದು ಅವನಿಗೆ ತಿಳಿದಿತ್ತು. ಗಡಿಯಾರ ಐದೂಕಾಲು ತೋರಿಸುತ್ತಿತ್ತು. ಕೆಸರಿನ ದಾರಿಗೆ ಎಷ್ಟು ಹೊತ್ತು ಹಿಡಿಯುವುದೋ ತಿಳಿಯದು. ಅವನು ಕಾರನ್ನು ಎಡಕ್ಕೆ ತಿರುಗಿಸಿದ.

ಆರೂವರೆಗೆ ಕುಶಾಲನಗರದ ಕಾವೇರಿ ಸೇತುವೆ ಬಂದಿತು. ಆಚೆ ದಡ ಮೈಸೂರು ರಾಜ್ಯ. ಗಡಿಯ ಪೊಲೀಸಿನವನು ಕಾರಿನ ಪರ್ಮಿಟ್ಟನ್ನು ಓದಿ, ಬೆಂಗಳೂರಿನವರೆಗೆ ಮಾತ್ರ, ಅದರಾಚೆಗೆ ಬಾಡಿಗೆ ಹೊತ್ತು ಹೋದರೆ ಲೈಸೆನ್ಸಿಗೆ ಕುತ್ತೆಂದು ರೂಢಿಯಂತೆ ಎಚ್ಚರಿಸಿದ. ಪಯಣಿಗರ ಹೆಸರು ಬರೆದುಕೊಳ್ಳಲು ಕಾಗದ ಕೇಳಿದ. ಸುಲೋಚನಮ್ಮ ಚರ್ಮದ ಚೀಲವನ್ನು ತೆರೆದಳು. ವಿಮಾನದ ಟಿಕೆಟ್ಟು ಇದ್ದಿತು. ಹಡಗಿನ ಟಿಕೆಟ್ಟು ಇದ್ದಿತು. ಪಾಸ್‌ಪೋರ್ಟು ಮತ್ತು ಅದರೊಳಗೆ ಮಡಿಸಿಟ್ಟಿದ್ದ ಅನುಮತಿಪತ್ರ ಇರಲಿಲ್ಲ.

ಚೀಲವನ್ನು ಸೀಟಿನ ಮೇಲೆ ಸುರಿದರು. ಟ್ರಂಕಿನ ಸೀರೆಗಳನ್ನು ಒಂದೊಂದಾಗಿ ಒದರಿದರು. ಜವರಪ್ಪ ಸೀಟಿನ ಕೆಳಗೆಲ್ಲ ಕೈಯಾಡಿಸಿದ. ಆಗ ಶಾಂತಪ್ಪ ಮೆಲ್ಲನೆ ಕೇಳಿದ:

"ತಾಯಿ, ಆ ಪಾಸ್‌ಪೋರ್ಟಲ್ಲಿ ನಿಮ್ ಪೋಟೋ ಇತ್ತಾ?"

"ಇತ್ತು ಶಾಂತಪ್ಪಣ್ಣ."

"ನಿಮ್ಮತ್ತೆ ಅದನ್ನ ನೋಡಿದ್ರಾ?"

ನೋಡಿದ್ದಳು. ಸೊಸೆಯ ಮುಖ ಹೀಗೆ ಕಾಗದದ ಮೇಲೆ ಬಂದಿದೆಯಲ್ಲ ಎಂದು ಬೆರಗಾಗಿ, ಹೊತ್ತುಹೊತ್ತಿಗೂ ತೆಗೆದು ನೋಡುತ್ತಿದ್ದಳು. ಪಯಣ ಹೊರಡುವವಳ ಬದಲು ಇಡಬೇಕಾದ ವಸ್ತುವೆಂದರೆ ಅವಳ ಮುಖಕ್ಕಿಂತ ಮೇಲಾದದ್ದು ಯಾವುದು? ರುದ್ರಮ್ಮ ಹಾಗೆಯೇ ಎಣಿಸಿದ್ದಳು. ಇದು ಮೂವರಿಗೂ ಒಮ್ಮೆಗೇ ಹೊಳೆಯಿತು.

ಪಯಣ ಹೊರಟವಳು ಹಿಂದಕ್ಕೆ ಬರಬಾರದೆಂದು ಶಾಂತಪ್ಪ ತಂದೆಮಗಳನ್ನು ಸೇತುವೆಯ ಬಳಿಯ ಚಹದಂಗಡಿಯಲ್ಲಿ ಇಳಿಸಿದ. ತಾನೊಬ್ಬನೇ ಕುಳಿತು, ತನ್ನ ಜೀವಮಾನದಲ್ಲಿ ಮೊದಲ ಬಾರಿಗೆ, ಹೊರಟ ಕಾರನ್ನು ಹಿಂದಕ್ಕೆ ತಿರುಗಿಸಿದ.

ಮಳೆ ಇನ್ನೂ ಜೋರಾಯಿತು. ಒಂದು ಇಕ್ಕಟ್ಟಾದ ತಿರುವಿನಲ್ಲಿ ಟಾರ್ಪಾಲು ಹೊದಿಸಿದ ಎಸ್ಟೇಟ್ ಲಾರಿಯೊಂದು ಎದುರಾಯಿತು. ಶಾಂತಪ್ಪ ಕಾರನ್ನು ಚರಂಡಿಯ ಅಂಚಿಗೆ ಸರಿಸಿ, ಲಾರಿ ದಾಟುವವರೆಗೆ ಸ್ಟಿಯರಿಂಗನ್ನು ಬೆರಳಲ್ಲಿ ಕುಟ್ಟುತ್ತ ಕಾದ. ಬಿದ್ದ ಮರದ ಈಚೆ ಇದ್ದ ಚನ್ನಮಲ್ಲಪ್ಪನ ಮನೆಯನ್ನು ಮುಟ್ಟಿದಾಗ ಗಂಟೆ ಎಂಟು. ಜಗಲಿಯಲ್ಲಿ ಚನ್ನಮಲ್ಲಪ್ಪನ ಹೆಂಡತಿ ರಾಮಮ್ಮ ಮೊರ ಹಿಡಿದು ನಿಂತಿದ್ದಳು.

"ಈಗ್ ಬಂದ್ಯಾ?" ಎಂದಳು. "ಕಾರಿನ ಸದ್ದು ತೋಟದೊಳಗೆ ಹೋಯ್ತು ಅಂತ ನಮ್ಮವ್ರು ಎದ್ದು ಕೂತ್ರು. ಬಿಟ್ಟೋದ ಗಂಟು ಇಲ್ಲಿ ಕೂರ್ಬಾರ್ದು, ಹಿಂದಕ್ಕೂ ಹೋಗ್ಬಾರ್ದು ಅಂತ ಲಾರಿ ಹತ್ಕೊಂಡು ಹೊಂಟೋದ್ರು. ಲಾರಿ ಕಾಣ್ಲಿಲ್ವಾ ನಿಂಗೆ?"

ಲಾರಿ ಕಂಡಿತ್ತು. ತಾನೇ ದಾರಿ ಬಿಟ್ಟುಕೊಟ್ಟಿದ್ದ.

ಅತ್ತ ಸೇತುವೆಯ ಬಳಿ ಎಂಟುಗಂಟೆಗೇ ಚನ್ನಮಲ್ಲಪ್ಪ ಲಾರಿಯಿಂದಿಳಿದಿದ್ದ. ಗಂಟನ್ನು ಮಳೆ ಮುಟ್ಟದಂತೆ ಅಂಗಿಯೊಳಗೆ ಹೊಟ್ಟೆಗೊತ್ತಿ ಹಿಡಿದಿದ್ದ. ಸುಲೋಚನಮ್ಮ ಬಿಚ್ಚಿ ನೋಡಿದಳು. ಅಕ್ಕಿಯ ನಡುವೆ ಪಾಸ್‌ಪೋರ್ಟು, ಅದರೊಳಗೆ ಅನುಮತಿಪತ್ರ. ಪಟದ ಕೆನ್ನೆಗೆ ರುದ್ರಮ್ಮ ಅರಿಶಿನ ಹಚ್ಚಿದ್ದಳು. ಈಗ ಕಾಗದವಿದ್ದಿತು, ಕಾರಿರಲಿಲ್ಲ. ಒಂದೂಕಾಲು ಗಂಟೆಯ ಕಾಲ ಜವರಪ್ಪ ಸೇತುವೆಯ ಈ ತುದಿಯಿಂದ ಆ ತುದಿಗೆ ನಡೆದ. ಶಾಂತಪ್ಪ ಅಲ್ಲಿಯೇ ನಿಂತಿದ್ದರೆ ಎಂಟಕ್ಕೇ ಹೊರಡಬಹುದಾಗಿತ್ತೆಂಬ ಮಾತನ್ನು, ಕಾರು ಒಂಬತ್ತೂಕಾಲಕ್ಕೆ ಬಂದು ನಿಂತಾಗ, ಯಾರೂ ಆಡಲಿಲ್ಲ. ಆಡದಿದ್ದುದೇ ಅವನನ್ನು ಹೆಚ್ಚಾಗಿ ಇರಿಯಿತು.

ಮುಂದೆ ಅವನು ಕಾರನ್ನು ಬಿರುಸಾಗಿ ಓಡಿಸಿದ. ಪಿರಿಯಾಪಟ್ಟಣ ಕಳೆದು ಹುಣಸೂರು, ಹುಣಸೂರು ಕಳೆದು ಮೈಸೂರು. ಮಳೆ ಹಿಂದುಳಿದು ಬಿಸಿಲು ಬಿದ್ದಿತು. ಮೂರಕ್ಕೆ ಮುಟ್ಟಬಹುದೆಂದು ಮಂಡ್ಯದಲ್ಲಿ ಲೆಕ್ಕ ಸಿಕ್ಕಿತು. ಚನ್ನಪಟ್ಟಣದ ಹತ್ತಿರ ಹಿಂದಿನ ಚಕ್ರ ಪಂಕ್ಚರಾಯಿತು. ಚಕ್ರ ಬದಲಿಸಿ ಎರಡು ಮೈಲಿ ಹೋಗುವಷ್ಟರಲ್ಲಿ ಬದಲಿಸಿದ ಹಳೆಯ ಟೈರೂ ಗಾಳಿ ಬಿಟ್ಟಿತು. ಒಂದು ಗಂಟೆ ಅಲ್ಲಿ ಹೋಯಿತು. ಜವರಪ್ಪ ತನ್ನ ಪಂಚೆಯನ್ನು ಎತ್ತಿ ಕಟ್ಟಿ ರಸ್ತೆಯ ಮೇಲೆ ಮಂಡಿಯೂರಿ ಪಂಪು ಒತ್ತಿದ.

ವಿಮಾನ ನಿಲ್ದಾಣದ ಬೇಲಿ ಕಣ್ಣಿಗೆ ಬಿದ್ದಾಗ ನಾಲ್ಕು ಗಂಟೆ ಹೊಡೆದಿತ್ತು. ಬಯಲು ಬರಿದಾಗಿತ್ತು. ಮದರಾಸಿನ ವಿಮಾನ ಹೊರಟು ಅರ್ಧ ಗಂಟೆಯಾಯಿತೆಂದೂ ಮುಂದಿನದು ನಾಳೆ ಮಧ್ಯಾಹ್ನಕ್ಕೆಂದೂ ಕಚೇರಿಯವರು ಕನಿಕರದಿಂದ ತಿಳಿಸಿದರು. ಹಡಗಿನ ಬಾಗಿಲು ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಮುಚ್ಚುತ್ತಿತ್ತು. ಸುಲೋಚನಮ್ಮ ಟ್ರಂಕಿನ ಮೇಲೆ ಕುಳಿತು ಪಾಸ್‌ಪೋರ್ಟನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು. ಅವಳು ಅಳಲಿಲ್ಲ. ಊರಿಗೆ ಹಿಂದಿರುಗಿದರೆ ಅತ್ತೆಗೆ ಏನು ಹೇಳುವುದು, ಗಂಟು ತಾನೇ ಕಟ್ಟಿದ್ದೆಂದು ಆ ಜೀವ ಎಷ್ಟು ಕೊರಗುವುದೆಂದು ತಂದೆಯನ್ನು ಕೇಳಿದಳು.

ಶಾಂತಪ್ಪ ಹೊರಗೆ ನಿಂತಿದ್ದ ಟ್ಯಾಕ್ಸಿಗಳನ್ನು ವಿಚಾರಿಸಿದ. ಮದರಾಸಿಗೆ ಈ ಹೊತ್ತಿನಲ್ಲಿ ಬರಲು ಒಬ್ಬನೂ ಒಪ್ಪಲಿಲ್ಲ. ಅವನು ಹಿಂದಿರುಗಿ ಬಂದು ಟ್ರಂಕನ್ನು ಎತ್ತಿದ.

"ಎಲ್ಲಿಗಯ್ಯ?" ಎಂದ ಜವರಪ್ಪ.

"ಹಡಗಿಗೆ."

"ನಿನ್ ಪರ್ಮಿಟ್ಟು ಇಲ್ಲೀತಂಕ ಕಣಯ್ಯ. ಲೈಸೆನ್ಸ್ ಕಿತ್ಕೊಂಡ್ರೆ ಹೊಟ್ಟೆಗೇನ್ ಮಾಡ್ತೀಯ?"

"ಹತ್ಸ್ತೀನಿ ಅಂತ ನಿಮ್ ಬೀಗಿತಿಗೆ ಹೇಳಿದೀನಿ," ಎಂದ ಶಾಂತಪ್ಪ. "ಮರದ ಹತ್ರ ನಾನು ಇಳ್ದು ನಡೀಬೇಕಾಗಿತ್ತು. ನಡೀಲಿಲ್ಲ. ಕೂತ್ಕೊಳಿ ತಾಯಿ."

ಮದರಾಸು ರಾಜ್ಯದ ಗಡಿಯ ಚೌಕಿಯಲ್ಲಿ ಅವನು ಸುಳ್ಳಾಡಲಿಲ್ಲ. ಪರ್ಮಿಟ್ಟಿಲ್ಲವೆಂದು ತಾನೇ ಹೇಳಿ, ಸುಲೋಚನಮ್ಮನ ಕಾಗದಗಳನ್ನು ತೋರಿಸಿದ. ಅಧಿಕಾರಿ ಕಾರಿನ ನಂಬರನ್ನೂ ಅವನ ಹೆಸರನ್ನೂ ಬರೆದುಕೊಂಡು, ವರದಿ ಹೋಗುವುದು ತಪ್ಪದೆಂದು ತಿಳಿಸಿ, ಅಡ್ಡಗಂಬವನ್ನು ಎತ್ತಿಸಿದ. ರಾತ್ರಿಯೆಲ್ಲ ಕಾರು ಓಡಿತು.

ಮದರಾಸಿಗೆ ಇನ್ನು ಮೂವತ್ತು ಮೈಲಿ ಇರುವಾಗ ಮೂಡಣ ಕೆಂಪಾಯಿತು. ಶಾಂತಪ್ಪ ಒಂದು ಕೆರೆಯ ಏರಿಯ ಬದಿಗೆ ಕಾರು ನಿಲ್ಲಿಸಿ ಕೀಲಿಯನ್ನು ಜವರಪ್ಪನ ಮುಂದಿಟ್ಟ. ಹೊಸ ದಿನ ಹುಟ್ಟಿತ್ತು. ಪೂಜೆಯಾಗದೆ ಕೀಲಿಯನ್ನು ಮುಟ್ಟುವಂತಿರಲಿಲ್ಲ. ಜವರಪ್ಪ ಗಡಿಯಾರ ನೋಡಿ ಬಾಯಿ ತೆರೆದ. ಸುಲೋಚನಮ್ಮ ತಂದೆಯ ತೋಳನ್ನು ಹಿಡಿದು ಬೇಡವೆಂದು ತಲೆಯಾಡಿಸಿದಳು. ಶಾಂತಪ್ಪ ಕೆರೆಯಲ್ಲಿ ಮುಳುಗಿ ಎದ್ದು ಒದ್ದೆಬಟ್ಟೆಯಲ್ಲಿಯೇ ಏರಿಯ ಮೇಲೆ ಕುಳಿತು ಅಂಗೈಯ ಲಿಂಗದಿಂದ ಕಣ್ಣು ತೆಗೆಯಲಿಲ್ಲ. ಕಾಲು ಗಂಟೆ. ಕಾರಿನೊಳಗೆ ಇಬ್ಬರೂ ಆ ಬೆನ್ನನ್ನೇ ನೋಡುತ್ತಿದ್ದರು. ಎದ್ದುಬಂದು ಮೂರು ಬೆರಳಿನ ವಿಭೂತಿಯನ್ನು ಕಾರಿಗೆಳೆದು ಅವನು ಕೀಲಿಯನ್ನು ಕೈಗೆತ್ತಿಕೊಂಡ.

ಬಂದರಿನ ತಪಾಸಣೆಯ ಕಟಕಟೆಯನ್ನು ಮುಟ್ಟಿದಾಗ ಎಂಟೂವರೆ. ಅಧಿಕಾರಿ ಪಟದ ಕೆನ್ನೆಯ ಹಳದಿಯನ್ನು ಉಗುರಿನಿಂದ ಕೆರೆದು, ಸುಲೋಚನಮ್ಮನ ಮುಖವನ್ನು ನೋಡಿ, ಮತ್ತೆ ಪಟವನ್ನು ನೋಡಿ, ಮೊಹರು ಒತ್ತಿದ. ಅವಳು ಗಂಟಿನ ಅಕ್ಕಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಏಣಿ ಹತ್ತಿದಳು.

ವರದಿ ತಪ್ಪದೆ ಬಂದಿತು. ಮೂರು ತಿಂಗಳು ಶಾಂತಪ್ಪನ ಲೈಸೆನ್ಸನ್ನು ತಡೆಹಿಡಿದರು. ಆ ಮೂರು ತಿಂಗಳೂ ದಿನ ಬೆಳಗಾದರೆ ಶೆಡ್ಡಿನಲ್ಲಿ ನಿಂತ ಕಾರಿಗೆ ವಿಭೂತಿ ತಪ್ಪಲಿಲ್ಲ. ರುದ್ರಮ್ಮ ವಾರಕ್ಕೊಮ್ಮೆ ಬಂದು ಜಗಲಿಯಲ್ಲಿ ಕುಳಿತು, ಮಲಯದಿಂದ ಬಂದ ಕಾಗದವನ್ನು ಅವನ ಕೈಯಲ್ಲಿಯೇ ಓದಿಸಿಕೊಳ್ಳುತ್ತಿದ್ದಳು.

ಮದರಾಸಿನ ಓಟವನ್ನು ಪೇಟೆಯವರು ಬಹುಕಾಲ ಹೊಗಳಿದರು. ಶಾಂತಪ್ಪ ಅದನ್ನು ತಾನಾಗಿ ಎತ್ತಿದವನಲ್ಲ. ಯಾರಾದರೂ ಎತ್ತಿದರೆ, ಎದುರಿಗೆ ಬಂದ ಲಾರಿಗೆ ದಾರಿ ಬಿಟ್ಟ ಸಂಗತಿಯನ್ನು ಮಾತ್ರ ಹೇಳುತ್ತಿದ್ದ. ರಿವರ್ಸ್ ಗೇರಿನ ನಗೆಮಾತು ಆಮೇಲೆ ಕೇಳಿಬರಲಿಲ್ಲ. ದೂರದ ಬಾಡಿಗೆ ಒಪ್ಪಿಕೊಳ್ಳುವಾಗ ಮಾತ್ರ ಹೊಸದೊಂದು ರೂಢಿ ಅವನಿಗೆ ಅಂಟಿಕೊಂಡಿತು. ಗಂಟೆ, ದಾರಿ, ಪೆಟ್ರೋಲು ಇವೆಲ್ಲಕ್ಕಿಂತ ಮೊದಲು ಅವನು ಮನೆಯ ಹಿರಿಯ ಹೆಂಗಸನ್ನು ಹೊರಗೆ ಕರೆಸಿ, ಕೈಮುಗಿದು ಕೇಳುತ್ತಿದ್ದ:

"ಪ್ರಸ್ಥಾನ ಯಾರ ಮನೇಲಿಟ್ಟಿದೀರವ್ವ? ಒಳಗೇನೈತೆ?"